ಗೊತ್ತಿರುವ ಪದ, ಗೊತ್ತಾಗದ ಮಾತು

ಓದಲೆಂದೋ ಕೆಲಸಕ್ಕೆಂದೋ ಇಂಗ್ಲೆಂಡಿಗೆ ಹೋಗುವ ನಮ್ಮ ಮಕ್ಕಳು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದುಕೊಂಡೇ ವಿಮಾನ ಹತ್ತಿರುತ್ತಾರೆ. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬಲ್ಲರು, ಒಂದು ಗಂಟೆಯ ಉಪನ್ಯಾಸ ಕೇಳಿ ಟಿಪ್ಪಣಿ ಮಾಡಿಕೊಳ್ಳಬಲ್ಲರು. ಅಲ್ಲಿ ಇಳಿದ ಮೊದಲ ವಾರ ಅವರು ತಡವರಿಸುವುದು ದೊಡ್ಡ ಪದಗಳ ಮುಂದಲ್ಲ. ಅಂಗಡಿಯ ಕೌಂಟರಿನ ಹಿಂದೆ ನಿಂತವರು ‘ಯು ಆಲ್‌ರೈಟ್?’ ಎಂದು ಕೇಳಿದಾಗ. ನನ್ನ ಮುಖ ಬಾಡಿದೆಯೇ, ಹುಷಾರಿಲ್ಲದವನ ಹಾಗೆ ಕಾಣುತ್ತಿದ್ದೇನೆಯೇ ಎಂಬ ಗಾಬರಿ. ನಿಜವಾಗಿ ಆ ಪ್ರಶ್ನೆಗೆ ಆರೋಗ್ಯದ ಗೊಡವೆಯೇ ಇಲ್ಲ. ‘ಬನ್ನಿ, ಏನು ಬೇಕು’ ಎನ್ನುವುದಕ್ಕೆ ಅಲ್ಲಿನವರ ಮಾತು ಅದು. ದಾರಿಯಲ್ಲಿ ಎದುರಾದ ಪಕ್ಕದ ಮನೆಯವರು ಅದನ್ನೇ ಅಂದರೆ ನಮಸ್ಕಾರ ಎಂದಷ್ಟೇ ಅರ್ಥ. ತಿರುಗಿ ‘ಆಲ್‌ರೈಟ್’ ಎಂದರೆ ಸಾಕು, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯಬಹುದು.

ಬೇರೆ ದೇಶದವರನ್ನು ಕಂಗೆಡಿಸುವ ಇಂಗ್ಲಿಷ್ ಎಂದರೆ ನಮಗೆ ತಟ್ಟನೆ ನೆನಪಾಗುವುದು ಶಾಲೆಯಲ್ಲಿ ಉರು ಹೊಡೆದ ಪಟ್ಟಿ. ಬೆಕ್ಕು ನಾಯಿಗಳು ಸುರಿಯುವಂಥ ಮಳೆ, ಬಕೆಟ್ ಒದ್ದು ಸತ್ತವನು, ಒಂದೇ ಕಲ್ಲಿಗೆ ಎರಡು ಹಕ್ಕಿ. ಒಂದು ಅಂಕದ ಪ್ರಶ್ನೆಗಾಗಿ ಇವನ್ನೆಲ್ಲ ಕಲಿತೆವು, ಮಕ್ಕಳಿಗೂ ಕಲಿಸುತ್ತಿದ್ದೇವೆ. ಇಂಥ ನುಡಿಗಟ್ಟುಗಳಿಂದ ಹೆಚ್ಚು ತೊಂದರೆಯಿಲ್ಲ. ಆಕಾಶದಿಂದ ನಾಯಿ ಬೀಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಇದರ ಅರ್ಥ ಬೇರೆ ಏನೋ ಇರಬೇಕೆಂದು ಕೇಳುವವನು ತಾನಾಗಿಯೇ ಎಚ್ಚರಗೊಳ್ಳುತ್ತಾನೆ. ಎಚ್ಚರಿಸದೆ ಬರುವ ಮಾತುಗಳೇ ಕಷ್ಟ. ಪ್ರತಿ ಪದವೂ ಗೊತ್ತು, ವ್ಯಾಕರಣವೂ ಸರಳ, ವಾಕ್ಯಕ್ಕೆ ನೇರ ಅರ್ಥವೂ ಇದೆ. ಆದರೆ ಆಡಿದವನ ಮನಸ್ಸಿನಲ್ಲಿ ಇದ್ದದ್ದು ಆ ಅರ್ಥವಲ್ಲ. ಅಂಥ ಕಡೆ ತಪ್ಪು ತಿಳಿದಿದ್ದೇವೆ ಎಂಬ ಅನುಮಾನ ಕೂಡ ನಮಗೆ ಬರುವುದಿಲ್ಲ.

ಕುಶಲ ಕೇಳುವ ಈ ಮಾತುಗಳಿಗೆ ಹೆಸರಿಟ್ಟವನು ಇಂಗ್ಲಿಷಿನವನಲ್ಲ. ಪೋಲೆಂಡಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಪಾಠ ಹೇಳಿದ ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಲಿನೋವ್‌ಸ್ಕಿ, 1923ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನು ‘ಫ್ಯಾಟಿಕ್ ಕಮ್ಯೂನಿಯನ್’ ಎಂದು ಕರೆದ. ಸುದ್ದಿ ತಿಳಿಸುವುದಕ್ಕೂ ತಿಳಿಯುವುದಕ್ಕೂ ಅಲ್ಲದೆ, ನಾವಿಬ್ಬರೂ ಒಬ್ಬರಿಗೊಬ್ಬರು ಬೇಕಾದವರು ಎಂದು ತೋರಿಸಿಕೊಳ್ಳುವುದಕ್ಕಾಗಿಯೇ ಆಡುವ ಮಾತು. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ವರ್ಷಗಟ್ಟಲೆ ಇದ್ದು ಬಂದವನು ಅವನು. ಹೊರಗಿನವನಾಗಿದ್ದರಿಂದಲೇ ಇದು ಅವನ ಕಿವಿಗೆ ಬಿತ್ತು ಎಂದು ನನಗನ್ನಿಸುತ್ತದೆ. ಅದರಲ್ಲೇ ಹುಟ್ಟಿ ಬೆಳೆದವರಿಗೆ ಅದು ಕೇಳಿಸುವುದೇ ಇಲ್ಲ. ನಮ್ಮ ‘ಊಟ ಆಯ್ತಾ?’ ಅನ್ನೇ ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಸಿಕ್ಕ ಪರಿಚಯದವರನ್ನು ಹಾಗೆ ಕೇಳದಿದ್ದರೆ ನಮಗೇ ಏನೋ ಕಡಿಮೆಯಾದಂತೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ವಿದೇಶಿಯರಿಗೆ ಇದು ಊಟಕ್ಕೆ ಕರೆಯುವ ಪೀಠಿಕೆಯಂತೆ ಕೇಳುತ್ತದೆ. ಆಗಿಲ್ಲ ಎಂದು ಹೇಳಿ ಕಾಯುತ್ತಾರೆ. ಅಮೆರಿಕದವರು ನಡೆಯುತ್ತಲೇ ‘ಹೌ ಆರ್ ಯು’ ಎಂದು, ಉತ್ತರ ಕೇಳಲು ನಿಲ್ಲದೆ ಮುಂದೆ ಹೋದಾಗ ನಮಗೆ ಆಗುವ ಬೇಸರವೂ ಇದೇ ಜಾತಿಯದು. ಅವರ ‘ವಿ ಶುಡ್ ಗೆಟ್ ಟುಗೆದರ್ ಸಮ್‌ಟೈಮ್’ ಎಂಬ ಮಾತನ್ನು ನಂಬಿ ಯಾವ ಶನಿವಾರ, ಎಷ್ಟು ಗಂಟೆಗೆ ಎಂದು ಕೇಳಿದರೆ ಅವರೇ ತಬ್ಬಿಬ್ಬಾಗುತ್ತಾರೆ. ಅದು ಅವರ ‘ಮನೆ ಕಡೆ ಬನ್ನಿ’.

ಹೌದು–ಅಲ್ಲಗಳ ವಿಚಾರ ಇದಕ್ಕಿಂತ ಗಂಭೀರ. ರೈಲಿನಲ್ಲಿ ಒಬ್ಬರು ಬಂದು ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎನ್ನುತ್ತಾರೆ. ನಮ್ಮವರು ನಗುನಗುತ್ತಾ ‘ಎಸ್, ಎಸ್’ ಎನ್ನುತ್ತಾರೆ. ಕೂತುಕೊಳ್ಳಿ ಎಂದು ಅವರ ಭಾವನೆ. ಕೇಳಿದವರ ಕಿವಿಗೆ ಬಿದ್ದದ್ದು ‘ಹೌದು, ನೀವು ಕೂತರೆ ನನಗೆ ತೊಂದರೆ’ ಎಂದು. ಪ್ರಶ್ನೆ ಇರುವುದೇ ನಿಮಗೆ ಅಭ್ಯಂತರವೇ ಎಂಬ ರೂಪದಲ್ಲಿ, ಹಾಗಾಗಿ ಅನುಮತಿ ಕೊಡಲು ‘ನೋ’ ಎನ್ನಬೇಕು. ನಗುವ ಮುಖ ನೋಡಿ ಬಹಳ ಜನ ಅರ್ಥ ಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಮುಖ ಕಾಣುವುದಿಲ್ಲ.

ಅಲ್ಲಗಳೆಯುವ ಪ್ರಶ್ನೆಗಳಲ್ಲಿ ಇದು ಇನ್ನೂ ಜಟಿಲ. ‘ಮೇಲ್ ಬರಲಿಲ್ವಾ?’ ಎಂದು ಯಾರಾದರೂ ಕೇಳಿದರೆ ಕನ್ನಡದಲ್ಲಿ ನಾವು ‘ಹೂಂ, ಬರಲಿಲ್ಲ’ ಎನ್ನುತ್ತೇವೆ. ನಮ್ಮ ‘ಹೂಂ’ ಕೇಳಿದವನ ಮಾತಿಗೆ ಒಪ್ಪಿಗೆ: ನೀನು ಅಂದುಕೊಂಡದ್ದು ಸರಿ ಎಂದು. ಇಂಗ್ಲಿಷಿನ ‘ಎಸ್’ ಕೇಳಿದವನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಲ್ ಬಂದಿದ್ದರೆ ಎಸ್, ಬಂದಿಲ್ಲದಿದ್ದರೆ ನೋ. ಆದ್ದರಿಂದ ‘ಡಿಡಂಟ್ ಯು ಗೆಟ್ ದ ಮೇಲ್?’ ಎಂಬುದಕ್ಕೆ ಬೆಂಗಳೂರಿನ ಎಂಜಿನಿಯರ್ ‘ಎಸ್’ ಎಂದರೆ ಲಂಡನ್ನಿನ ಮ್ಯಾನೇಜರ್‌ಗೆ ಮೇಲ್ ತಲುಪಿದೆ ಎಂದು ಖಾತ್ರಿಯಾಗುತ್ತದೆ. ನಾಲ್ಕು ದಿನದ ನಂತರ ಕೆಲಸ ಯಾಕಾಗಿಲ್ಲ ಎಂಬ ಪ್ರಶ್ನೆ ಬರುತ್ತದೆ, ಅಷ್ಟು ಹೊತ್ತಿಗೆ ಇವನು ಸುಳ್ಳು ಹೇಳಿದ ಎಂಬ ಭಾವನೆಯೂ ಬೇರೂರಿರುತ್ತದೆ. ಜಪಾನಿ ಭಾಷೆಯವರೂ ನಮ್ಮ ಹಾಗೆಯೇ ಉತ್ತರಿಸುತ್ತಾರೆ, ಅವರಿಗೂ ಇದೇ ಪೇಚು. ಇಲ್ಲಿ ಯಾರ ಜಾಣತನದ ಪ್ರಶ್ನೆಯೂ ಇಲ್ಲ, ಎರಡು ಭಾಷೆಗಳು ಒಪ್ಪಿಗೆಯನ್ನು ಎರಡು ಕಡೆ ಇಟ್ಟಿವೆ. ಬರೀ ಎಸ್ ಅಥವಾ ನೋ ಎಂದು ನಿಲ್ಲಿಸದೆ ‘ಐ ಡಿಡಂಟ್ ಗೆಟ್ ಇಟ್’ ಎಂದು ಇಡೀ ವಾಕ್ಯ ಹೇಳುವ ಅಭ್ಯಾಸ ಮಾಡಿಕೊಂಡರೆ ಗೊಂದಲಕ್ಕೆ ಜಾಗವೇ ಇರುವುದಿಲ್ಲ. ಈ ಒಂದು ಪಾಠವನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಟ್ಟದ್ದನ್ನು ನಾನು ಕಂಡಿಲ್ಲ.

ಹೇಳಿದ್ದಕ್ಕೆ ತಿರುಗುಮುರುಗಾದ ಅರ್ಥ ಕೊಡುವ ಮಾತುಗಳೂ ಕೆಲವಿವೆ. ‘ಟೆಲ್ ಮಿ ಅಬೌಟ್ ಇಟ್’ ಎಂದರೆ ಅದರ ಬಗ್ಗೆ ಹೇಳು ಎಂದಲ್ಲ, ನಿನ್ನ ಕಷ್ಟ ನನಗೂ ಚೆನ್ನಾಗಿ ಗೊತ್ತು ಎಂದು. ಅದನ್ನು ಕೇಳಿ ಪಾಪ ಎಷ್ಟೋ ಜನ ಮೊದಲಿನಿಂದ ಮತ್ತೆ ವಿವರಿಸಲು ಶುರುಮಾಡುತ್ತಾರೆ. ‘ಯು ಕ್ಯಾನ್ ಸೇ ದಟ್ ಅಗೇನ್’ ಎಂದಾಗ ಮತ್ತೆ ಹೇಳಬೇಕಾಗಿಲ್ಲ, ನಿಮ್ಮ ಮಾತಿಗೆ ಪೂರ್ತಿ ಒಪ್ಪಿಗೆ ಎಂದು ತಿಳಿದರೆ ಆಯಿತು. ಅಮೆರಿಕದಲ್ಲಿ ‘ಐ ಕುಡ್ ಕೇರ್ ಲೆಸ್’ ಎನ್ನುತ್ತಾರೆ; ಇಂಗ್ಲೆಂಡಿನಲ್ಲಿ ‘ಐ ಕುಡಂಟ್ ಕೇರ್ ಲೆಸ್’ ಎನ್ನುತ್ತಾರೆ. ಒಂದರಲ್ಲಿ ಅಲ್ಲಗಳೆಯುವ ಪದವಿದೆ, ಇನ್ನೊಂದರಲ್ಲಿಲ್ಲ. ಎರಡರ ಅರ್ಥವೂ ಒಂದೇ: ನನಗೇನೂ ಪರವಾ ಇಲ್ಲ. ಇನ್ನು ‘ಗೋ ಆಫ್’. ದೀಪ ಗೋ ಆಫ್ ಆದರೆ ಆರುತ್ತದೆ, ಅಲಾರಂ ಗೋ ಆಫ್ ಆದರೆ ಹೊಡೆದುಕೊಳ್ಳುತ್ತದೆ, ಬಾಂಬು ಸಿಡಿಯುತ್ತದೆ, ಹಾಲು ಕೆಡುತ್ತದೆ. ಏಟು ತಿನ್ನುವ, ಲಂಚ ತಿನ್ನುವ, ತಲೆ ತಿನ್ನುವ ಕನ್ನಡದವರಾದ ನಾವು ಇದರ ಬಗ್ಗೆ ದೂರು ಹೇಳುವ ಹಾಗಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬ್ರಿಟಿಷರು ದೊಡ್ಡದನ್ನು ಚಿಕ್ಕದು ಮಾಡಿ ಹೇಳುವ ರೀತಿ. ‘ನಾಟ್ ಬ್ಯಾಡ್’ ಎಂದರೆ ಅವರ ಬಾಯಲ್ಲಿ ಅನೇಕ ಸಲ ತುಂಬಾ ಚೆನ್ನಾಗಿದೆ ಎಂದು. ‘ಕ್ವೈಟ್ ಗುಡ್’ ಎಂದರೆ ಸಾಮಾನ್ಯವಾಗಿ ಪರವಾಗಿಲ್ಲ, ಇನ್ನೂ ಸ್ವಲ್ಪ ಚೆನ್ನಾಗಿರಬಹುದಿತ್ತು ಎಂದು. ಅದೇ ಮಾತು ಅಮೆರಿಕದವರಿಗೆ ಮನಸಾರೆ ಹೊಗಳಿದಂತೆ. ಪ್ರಬಂಧದ ಮೇಲೆ ‘ಕ್ವೈಟ್ ಗುಡ್’ ಎಂದು ಬರೆಸಿಕೊಂಡ ವಿದ್ಯಾರ್ಥಿ ಹಿಗ್ಗಿ ಹೋಗಿ ಅಂಕ ನೋಡಿದಾಗ ಕುಗ್ಗುವುದು ಇದರಿಂದಲೇ. ‘ವಿತ್ ರೆಸ್ಪೆಕ್ಟ್’ ಎಂದು ಶುರುವಾದ ವಾಕ್ಯದಲ್ಲಿ ಮುಂದೆ ಬರುವುದು ಗೌರವವಲ್ಲ, ಭಿನ್ನಾಭಿಪ್ರಾಯ. ‘ಐ ವಿಲ್ ಬೇರ್ ಇಟ್ ಇನ್ ಮೈಂಡ್’ ಎಂದರೆ ನಿಮ್ಮ ಸಲಹೆ ಬಹುತೇಕ ಅಲ್ಲಿಗೇ ಮುಗಿಯಿತು ಎಂದು ತಿಳಿಯಬಹುದು.

ಈ ತಗ್ಗಿಸಿ ಹೇಳುವ ಗುಣಕ್ಕೆ ಒಂದು ಹಿರಿಮೆಯೂ ಇದೆ. 1982ರ ಜೂನ್ 24ರಂದು ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ಕೌಲಾಲಂಪುರದಿಂದ ಪರ್ತ್‌ಗೆ ಹೋಗುತ್ತಾ ಜಾವಾ ದ್ವೀಪದ ಗಾಲುಂಗ್‌ಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಸಿಕ್ಕಿಬಿತ್ತು. ನಾಲ್ಕಕ್ಕೆ ನಾಲ್ಕೂ ಎಂಜಿನ್ ನಿಂತವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಒಂದು ಸಣ್ಣ ತೊಂದರೆಯಾಗಿದೆ, ಎಂಜಿನ್‌ಗಳೆಲ್ಲ ನಿಂತಿವೆ, ಮತ್ತೆ ಚಾಲೂ ಮಾಡಲು ಪ್ರಯತ್ನಿಸುತ್ತಿದ್ದೇವೆ, ನೀವು ಹೆಚ್ಚು ಗಾಬರಿಯಾಗಿಲ್ಲ ಎಂದು ನಂಬುತ್ತೇನೆ ಎಂಬರ್ಥದ ಪ್ರಕಟಣೆ ಕೊಟ್ಟರು. ಎಂಜಿನ್‌ಗಳು ಮತ್ತೆ ಜೀವ ಪಡೆದು ವಿಮಾನ ಜಕಾರ್ತದಲ್ಲಿ ಇಳಿಯಿತು, ಎಲ್ಲರೂ ಬದುಕಿದರು. ಆ ಧ್ವನಿಯ ಶಾಂತಿ ಅಂದು ನೂರಾರು ಜನರ ಧೈರ್ಯ ಕಾದಿರಬೇಕು.

ಆದರೆ ಕೇಳುವವರು ಬೇರೆ ದೇಶದವರಾದಾಗ ಅದೇ ಗುಣ ದುಬಾರಿಯಾಗುತ್ತದೆ. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್ಜಿನ್ ನದಿಯ ಬಳಿ ಬ್ರಿಟನ್ನಿನ ಗ್ಲೌಸ್ಟರ್‌ಶೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ನನ್ನು ಚೀನಾದ ಭಾರಿ ಪಡೆ ಮುತ್ತಿತ್ತು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ಮೇಲಿನ ಅಮೆರಿಕನ್ ಜನರಲ್‌ಗೆ ಪರಿಸ್ಥಿತಿ ‘ಎ ಬಿಟ್ ಸ್ಟಿಕಿ’ ಎಂದು ತಿಳಿಸಿದರು ಎಂಬುದು ಇಂದಿಗೂ ಹೇಳುವ ಕಥನ. ಇಂಗ್ಲಿಷ್ ಸೈನಿಕನ ಬಾಯಲ್ಲಿ ಅದರ ಅರ್ಥ, ನಾವು ಮುಳುಗುತ್ತಿದ್ದೇವೆ ಎಂದು. ಅಮೆರಿಕನ್ ಕಿವಿಗೆ ಸ್ವಲ್ಪ ಇಕ್ಕಟ್ಟು, ತಡೆದುಕೊಳ್ಳಬಲ್ಲರು ಎಂದು ಕೇಳಿಸಿತಂತೆ. ಬೆಟಾಲಿಯನ್ ಬೆಟ್ಟದ ಮೇಲೆ ಒಂಟಿಯಾಗಿ ಉಳಿಯಿತು. ಕೊನೆಗೆ ಕೆಲವರಷ್ಟೇ ತಪ್ಪಿಸಿಕೊಂಡರು, ಉಳಿದವರು ಸತ್ತರು ಇಲ್ಲವೇ ಸೆರೆಯಾದರು. ಯುದ್ಧದ ಸೋಲುಗಳಿಗೆ ಕಾರಣ ಎಂದೂ ಒಂದೇ ಆಗಿರುವುದಿಲ್ಲ, ಇಲ್ಲಿಯೂ ಬೇರೆ ಕಾರಣಗಳಿದ್ದವು. ಆದರೂ ಇಬ್ಬರದೂ ತಾಯ್ನುಡಿ ಇಂಗ್ಲಿಷೇ ಆಗಿತ್ತು ಎಂಬುದನ್ನು ನಾವು ಮರೆಯಬಾರದು. ಇಂಗ್ಲಿಷ್ ಸರಿಯಾಗಿ ಬಾರದು ಎಂದು ನಾಚಿಕೊಳ್ಳುವ ನಮ್ಮ ಹಳ್ಳಿಯ ಹುಡುಗ ಹುಡುಗಿಯರಿಗೆ ನಾನು ಹೇಳಬಯಸುವುದು ಇದನ್ನೇ.

ಈ ಎರಡು ದೇಶಗಳ ನಡುವೆ ಇಂಥದು ಮೊದಲೂ ನಡೆದಿತ್ತು. 1941ರ ಕೊನೆಯಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಯುದ್ಧ ಸಮಾಲೋಚನೆಯಲ್ಲಿ ಒಂದು ಕಡತವನ್ನು ‘ಟೇಬಲ್’ ಮಾಡಬೇಕು ಎಂದು ಬ್ರಿಟಿಷರು ಪಟ್ಟು ಹಿಡಿದರೆ, ಬೇಡವೇ ಬೇಡ ಎಂದು ಅಮೆರಿಕನ್ನರು ಹಟ ಹಿಡಿದರು. ಬ್ರಿಟನ್ನಿನಲ್ಲಿ ಆ ಮಾತಿಗೆ ಈಗಲೇ ಚರ್ಚೆಗೆ ತರುವುದು ಎಂದರ್ಥ, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡುವುದು ಎಂದು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು ಗೊತ್ತಾಗುವ ಹೊತ್ತಿಗೆ ಸಾಕಷ್ಟು ವಾಗ್ವಾದ ನಡೆದಿತ್ತೆಂದು ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ದಾಖಲಿಸಿದ್ದಾರೆ. ಜರ್ಮನರಿಗೆ ಗಡಿಯಾರದಲ್ಲೂ ತೊಡಕು. ಬ್ರಿಟಿಷರ ‘ಹಾಫ್ ಸೆವೆನ್’ ಏಳೂವರೆ, ಜರ್ಮನಿಯಲ್ಲಿ ಅದೇ ಎರಡು ಪದ ಆರೂವರೆ. ಯಾರಾದರೊಬ್ಬರು ಒಂದು ಗಂಟೆ ಕಾಯಬೇಕು.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯುವ ಭಾರತೀಯ ವೈದ್ಯರು, ನರ್ಸುಗಳು ಬಹಳ. ಕರ್ನಾಟಕದ ಕಾಲೇಜುಗಳಲ್ಲಿ ಓದಿ ಹೋದವರೂ ಅವರಲ್ಲಿ ಸಾಕಷ್ಟಿದ್ದಾರೆ. ವೈದ್ಯಕೀಯದ ಇಂಗ್ಲಿಷ್ ಅವರಿಗೆ ಕರತಲಾಮಲಕ. ರೋಗಿ ಆ ಇಂಗ್ಲಿಷ್ ಮಾತಾಡುವುದಿಲ್ಲ. ವಯಸ್ಸಾದ ಅಜ್ಜಿಯೊಬ್ಬರು ‘ಐ ಆ್ಯಮ್ ಫೀಲಿಂಗ್ ಪೂರ್ಲಿ’ ಎಂದರೆ ಬಡತನದ ಮಾತಲ್ಲ, ಮೈ ಹುಷಾರಿಲ್ಲ ಎಂದು. ‘ಸ್ಪೆಂಡ್ ಎ ಪೆನ್ನಿ’ ಎಂದರೆ ಶೌಚಾಲಯಕ್ಕೆ ಹೋಗಬೇಕು ಎಂದು. ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನ್ನಿ ನಾಣ್ಯ ಹಾಕಬೇಕಾಗಿದ್ದ ಕಾಲದಿಂದ ಉಳಿದುಕೊಂಡು ಬಂದದ್ದು. ‘ವಾಟರ್‌ವರ್ಕ್ಸ್’ ಎಂದರೆ ಜಲಮಂಡಳಿಯ ಮಾತಲ್ಲ, ಮೂತ್ರದ ತೊಂದರೆ. ಇವುಗಳಲ್ಲಿ ನಿಜಕ್ಕೂ ಎಚ್ಚರ ಬೇಕಾದದ್ದು ‘ಫನ್ನಿ ಟರ್ನ್’. ಫನ್ನಿ ಎಂಬ ಪದ ಕೇಳಿ ತಮಾಷೆಯ ಸಂಗತಿ ಎಂದುಕೊಂಡರೆ ಅನಾಹುತ. ಇದ್ದಕ್ಕಿದ್ದಂತೆ ತಲೆ ಸುತ್ತಿ ಬಂದು, ಕಣ್ಣು ಕತ್ತಲಿಟ್ಟು, ಒಂದೆರಡು ನಿಮಿಷ ಏನೋ ಆಗಿಹೋಯಿತು ಎಂಬುದನ್ನು ಹಳಬರು ಹಾಗೆ ಹೇಳುತ್ತಾರೆ. ಬಹಳ ಸಲ ಅದು ಸುಸ್ತೇ ಆಗಿರುತ್ತದೆ. ಕೆಲವು ಸಲ ಹೃದಯದ ಬಡಿತ ತಪ್ಪಿದ್ದು, ಕೆಲವು ಸಲ ಪಾರ್ಶ್ವವಾಯುವಿನ ಮುನ್ಸೂಚನೆ. ರೋಗಿಯೇ ಹಗುರ ಮಾಡಿ ಹೇಳಿದ್ದನ್ನು ವೈದ್ಯರು ಹಗುರವಾಗಿ ತೆಗೆದುಕೊಳ್ಳಬಾರದು. ಹಾಗಾಗಿ ಅಲ್ಲಿಗೆ ಹೊರಟವರು ಈ ಮಾತುಗಳನ್ನು ಔಷಧಿಗಳ ಹೆಸರಿನಷ್ಟೇ ಗಮನವಿಟ್ಟು ಕಲಿಯುವುದು ಒಳ್ಳೆಯದು.

ಅದೇ ಊರುಗಳಲ್ಲಿ ಮನಸ್ಸು ತುಂಬುವ ಮಾತುಗಳೂ ಇವೆ. ನಾಟಿಂಗ್‌ಹ್ಯಾಮ್, ಡರ್ಬಿ, ಸ್ಟೋಕ್ ಕಡೆ ಅಪರಿಚಿತರನ್ನೂ ‘ಡಕ್’ ಎಂದು ಕರೆಯುತ್ತಾರೆ, ನ್ಯೂಕ್ಯಾಸಲ್ ಸುತ್ತ ‘ಪೆಟ್’, ಬ್ರಿಸ್ಟಲ್, ಡೆವನ್ ಕಡೆ ‘ಮೈ ಲವರ್’. ಬಸ್ಸಿನ ಡ್ರೈವರ್ ಟಿಕೆಟ್ ಕೊಡುತ್ತಾ ಹೀಗಂದರೆ ನಮ್ಮ ಹುಡುಗಿಯರು ಬೆಚ್ಚುವುದು ಸಹಜ. ಅದರಲ್ಲಿ ಸಲಿಗೆಯೂ ಇಲ್ಲ, ಕೆಟ್ಟ ಉದ್ದೇಶವೂ ಇಲ್ಲ. ನಮ್ಮ ಮಲೆನಾಡು, ಕರಾವಳಿಯವರ ‘ಮಾರಾಯ್ರೆ’ ಇದ್ದ ಹಾಗೆ, ಮಾತಿಗೆ ಸ್ವಲ್ಪ ಬೆಚ್ಚನೆಯ ಒರಗು. ಉತ್ತರ ಇಂಗ್ಲೆಂಡಿನಲ್ಲಿ ‘ಟೀಗೆ ಬನ್ನಿ’ ಎಂದು ಕರೆದರೆ ಮಾತ್ರ ಮನೆಯಲ್ಲಿ ಉಂಡು ಹೊರಡಬೇಡಿ. ಅಲ್ಲಿನ ಅನೇಕರಿಗೆ ಟೀ ಎಂದರೆ ಸಂಜೆಯ ಊಟ.

ಇಷ್ಟೆಲ್ಲ ಹೇಳಿ ನಮ್ಮ ಇಂಗ್ಲಿಷಿನ ಬಗ್ಗೆ ಸುಮ್ಮನಿರುವುದು ನ್ಯಾಯವಲ್ಲ. ನಾವು ಸಲೀಸಾಗಿ ಆಡುವ ಎಷ್ಟೋ ಮಾತು ಹೊರಗಿನವರಿಗೆ ಒಗಟು. ‘ಹೋಗ್ತೀನಿ’ ಎಂದು ಬಾಯಿಬಿಟ್ಟು ಹೇಳಲು ನಮಗೆ ಮನಸ್ಸು ಬರುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಐ ವಿಲ್ ಗೋ ಅಂಡ್ ಕಮ್’ ಎಂದಾಗ ಅವರು ವಾಪಸು ಬರುವುದನ್ನು ಕಾಯುತ್ತಾರೆ. ಫೋನ್ ಎತ್ತಿ ಮರ್ಯಾದೆಯಿಂದ ‘ಹೇಳಿ’ ಎನ್ನುವ ನಾವು ‘ಟೆಲ್ ಮಿ’ ಎಂದರೆ ಅದು ಅವರಿಗೆ ಗದರಿಸಿದಂತೆ. ತರಗತಿಯಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದು ಕೈಯೆತ್ತಿದರೆ ನಮ್ಮಲ್ಲಿ ಅದು ಪ್ರಶ್ನೆ, ಅಲ್ಲಿನ ಮೇಷ್ಟ್ರಿಗೆ ತಾನು ಹೇಳಿದ್ದನ್ನು ಇವನು ನಂಬುತ್ತಿಲ್ಲ ಎಂಬ ಭಾವನೆ. ‘ಪಾಸ್ಡ್ ಔಟ್ ಇನ್ 2015’ ಎಂದು ಅರ್ಜಿಯಲ್ಲಿ ಬರೆದರೆ ಆ ವರ್ಷ ಮೂರ್ಛೆ ಹೋಗಿದ್ದನೇನೋ ಎಂದು ಓದುತ್ತಾರೆ. ‘ಡೂ ದ ನೀಡ್‌ಫುಲ್’ ಒಂದು ಕಾಲಕ್ಕೆ ಬ್ರಿಟಿಷರೇ ಕಚೇರಿ ಪತ್ರಗಳಲ್ಲಿ ಬಳಸುತ್ತಿದ್ದದ್ದು. ಅವರು ಬಿಟ್ಟರು, ನಾವು ಉಳಿಸಿಕೊಂಡೆವು. ಇವನ್ನು ತಪ್ಪು ಎಂದು ಹೀಗಳೆಯುವವರ ಜೊತೆ ನಾನಿಲ್ಲ. ಕೋಟ್ಯಂತರ ಜನ ಆಡುವ, ಪರಸ್ಪರ ಅರ್ಥವಾಗುವ ಮಾತು ತಪ್ಪಾಗುವುದು ಹೇಗೆ? ಊರು ಬಿಟ್ಟು ಹೊರಗೆ ಹೋದಾಗ ಇವು ಜೊತೆಗೆ ಬರುವುದಿಲ್ಲ ಎಂಬ ಅರಿವು ಇದ್ದರೆ ಸಾಕು.

ಹಾಗಾದರೆ ಸರಿಪಡಿಸಿಕೊಳ್ಳುವ ಹೊಣೆ ಯಾರದು? ಎಲ್ಲ ಹೊಣೆಯೂ ಕಲಿಯುವವರದೇ ಎಂದು ಜಗತ್ತು ಬಹಳ ಕಾಲ ನಂಬಿತ್ತು. ವಿಮಾನಯಾನದವರು ಭಾರಿ ಬೆಲೆ ತೆತ್ತು ಬೇರೆ ದಾರಿ ಕಂಡುಕೊಂಡರು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದಿದ್ದ ರನ್‌ವೇಯ ಮೇಲೆ ಎರಡು ಜಂಬೊ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತರು. ಡಚ್ ವಿಮಾನದಿಂದ ‘ವಿ ಆರ್ ನೌ ಅಟ್ ಟೇಕಾಫ್’ ಎಂಬ ಮಾತು ಬಂದಿತ್ತು. ಹೊರಟಿದ್ದೇವೆ ಎಂಬುದು ಅವರ ಅರ್ಥ. ಹೊರಡುವ ಜಾಗದಲ್ಲಿ ನಿಂತಿದ್ದೇವೆ ಎಂದು ಕಂಟ್ರೋಲ್ ಟವರಿನವರು ತಿಳಿದು ‘ಓಕೆ’ ಎಂದರು. ಆ ಬಳಿಕ ‘ಟೇಕಾಫ್’ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಇಲ್ಲವೇ ಕೊಟ್ಟದ್ದನ್ನು ಹಿಂಪಡೆಯುವಾಗ ಮಾತ್ರ ಬಳಸಬೇಕೆಂದು ನಿಯಮವಾಯಿತು. 1990ರ ಜನವರಿ 25ರಂದು ಕೊಲಂಬಿಯಾದ ವಿಮಾನವೊಂದು ಇಂಧನ ಮುಗಿದು ನ್ಯೂಯಾರ್ಕ್ ಬಳಿ ಬಿದ್ದು 73 ಜನ ಸತ್ತರು. ಇಂಧನ ಮುಗಿಯುತ್ತಿದೆ ಎಂದು ಅವರು ಹೇಳಿದ್ದರು, ‘ಎಮರ್ಜೆನ್ಸಿ’ ಎಂಬ ಪದ ಮಾತ್ರ ಬಾಯಿಂದ ಬಂದಿರಲಿಲ್ಲ. ಕೇಳಿಸಿಕೊಂಡವರು ಬಿಡಿಸಿ ಕೇಳಲೂ ಇಲ್ಲ. ಇಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಭಾಷಾ ಮಟ್ಟ ನಿಗದಿ ಮಾಡಿದೆ. ಇಂಗ್ಲಿಷ್ ತಾಯ್ನುಡಿಯವರಿಗೂ ನುಡಿಗಟ್ಟು ಬಿಟ್ಟು ನೇರವಾಗಿ, ನಿಧಾನವಾಗಿ ಮಾತಾಡುವ ಹೊಣೆ ಹೊರಿಸಿದೆ. ಆಫೀಸಿನ ಮೀಟಿಂಗಿಗೂ ಆಸ್ಪತ್ರೆಯ ವಾರ್ಡಿಗೂ ಇದೇ ನೀತಿ ಬರಬೇಕು. ಬೇರೆ ಭಾಷೆಯವರು ಎದುರಿಗಿದ್ದಾಗ ಬಿಡಿಸಿ ಹೇಳುವುದು ಆಡುವವರ ಕರ್ತವ್ಯ. ಕನ್ನಡ ಕಲಿಯುತ್ತಿರುವವರ ಮುಂದೆ ನಾವು ಮಾತಾಡುವಾಗಲೂ ಇದು ಅನ್ವಯಿಸುತ್ತದೆ.

ನಮ್ಮ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟು. ಮಳೆಯ ಬೆಕ್ಕು ನಾಯಿಗಳನ್ನು ಒಂದು ಪೀರಿಯಡ್ ಬದಿಗಿಟ್ಟು, ‘ಡು ಯು ಮೈಂಡ್’ಗೆ ಏನು ಉತ್ತರ, ‘ಡಿಡಂಟ್ ಯು’ಗೆ ಏನು ಉತ್ತರ ಎಂಬುದನ್ನು ಮಕ್ಕಳಿಂದ ಬಾಯಿಬಿಟ್ಟು ಹೇಳಿಸಿ. ಹೊರದೇಶಕ್ಕೆ ಹೊರಟು ನಿಂತ ಮಕ್ಕಳೇ, ಗೊತ್ತಾಗದ ಮಾತಿಗೆ ಸುಮ್ಮನೆ ತಲೆಯಾಡಿಸಬೇಡಿ. ‘ಐ ಹ್ಯಾವಂಟ್ ಹರ್ಡ್ ದಟ್ ಬಿಫೋರ್, ವಾಟ್ ಡಸ್ ಇಟ್ ಮೀನ್?’ ಎಂದು ಕೇಳಿ. ಬಹುತೇಕರು ಸಂತೋಷದಿಂದಲೇ ಹೇಳಿಕೊಡುತ್ತಾರೆ.